ಮುದ್ದೆಗೆ ಯಾವ ನೀರು

ನಾನು ಬಾಯಿ ತುಂಬ ನಕ್ಕರೆ ಸಾಕು, ನನ್ನದು ಯಾವ ತಾಲ್ಲೂಕು ಅಂತ ಹೇಳಿಬಿಡುವವರು ಬೇಲೂರು ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. “ಅರಸೀಕೆರೆ ಕಡೆಯವರಾ?” ಅನ್ನುತ್ತಾರೆ. ಕೇಳುವುದೇನು ಬಂತು, ತೀರ್ಮಾನ ಮಾಡಿಕೊಂಡೇ ಕೇಳುತ್ತಾರೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿವೆ. ಉಜ್ಜಿದರೆ ಹೋಗುವಂಥದ್ದಲ್ಲ. ಇದ್ದಿಲು, ಉಪ್ಪು, ನಿಂಬೆಹಣ್ಣು, ಟೀವಿಯಲ್ಲಿ ತೋರಿಸುವ ಪೇಸ್ಟು ಎಲ್ಲವನ್ನೂ ಹಾಕಿ ಉಜ್ಜಿ ವಸಡು ಕಿತ್ತುಕೊಂಡಿದ್ದೇನೆಯೇ ಹೊರತು ಪಟ್ಟೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಿಲ್ಲ.

ನನ್ನ ತವರು ಕಣಕಟ್ಟೆ ಹೋಬಳಿಯ ಒಂದು ಹಳ್ಳಿ. ತೆಂಗಿನ ತೋಟ, ರಾಗಿ ಹೊಲ, ಬೋರ್‌ವೆಲ್ಲಿನ ನೀರು. ಗಂಡನ ಮನೆ ಬಿಕ್ಕೋಡಿನ ಮಗ್ಗುಲ ಹಳ್ಳಿ. ಗದ್ದೆ, ಒಂದಿಷ್ಟು ಕಾಫಿ, ಮನೆಯ ಹಿಂದೆಯೇ ಹಳ್ಳ. ಎರಡೂ ಒಂದೇ ಜಿಲ್ಲೆ. ಅರಸೀಕೆರೆಯಲ್ಲಿ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದು, ಬೇಲೂರಿಗೆ ಇನ್ನೊಂದು ಹಿಡಿದು, ಅಲ್ಲಿಂದ ಬಸ್ಸಿಗೋ ಜೀಪಿಗೋ ಕಾದರೂ, ಬೆಳಗ್ಗೆ ತವರಿನಲ್ಲಿ ತಿಂಡಿ ತಿಂದವಳು ಸಂಜೆಯ ಕಾಫಿಗೆ ಗಂಡನ ಮನೆಯಲ್ಲಿರಬಹುದು. ಇಷ್ಟು ಹತ್ತಿರವಿದ್ದೂ ನೀರು ಇಷ್ಟೊಂದು ಬೇರೆ ಅನ್ನುವುದು ಮದುವೆಯಾಗುವವರೆಗೆ ನನ್ನ ತಲೆಗೇ ಬಂದಿರಲಿಲ್ಲ. ನಮ್ಮೂರಲ್ಲಿ ಎಲ್ಲರ ಹಲ್ಲೂ ಹಾಗೇ ಇದ್ದವು. ಹಲ್ಲು ಅಂದರೆ ಹಾಗೇ ಇರುತ್ತದೆ ಅಂದುಕೊಂಡಿದ್ದೆವು.

ಅತ್ತೆ ನನ್ನನ್ನು ನೋಡಲು ಬಂದ ದಿನ ಹೆಸರು ಕೇಳಿದರು. ನಾನು ಹೇಳುವಾಗ ಮುಖ ನೋಡಲಿಲ್ಲ, ಬಾಯಿ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, “ಹುಡುಗಿ ಎಲೆಅಡಿಕೆ ಹಾಕ್ತಾಳಾ?” ಅಂದುಬಿಟ್ಟರು. ಬೇರೆ ತಾಯಿಯಾಗಿದ್ದರೆ ತಲೆ ತಗ್ಗಿಸುತ್ತಿದ್ದಳೋ ಏನೋ. ನಮ್ಮವ್ವ ಸೊಂಟಕ್ಕೆ ಸೆರಗು ಸಿಗಿಸಿ, “ಹಾಕ್ತಾಳೆ ಕಣ್ರೀ. ನಮ್ಮೂರಲ್ಲಿ ಮೊಲೆ ಬಿಟ್ಟ ಮಗೀಂದ ಹಿಡಿದು ಎಲ್ಲಾರೂ ಎಲೆಅಡಿಕೆ ಹಾಕ್ತಾರೆ. ಬೇಕಾದ್ರೆ ಬೀದೀಲಿ ಹೋಗಿ ನೋಡ್ಕೊಂಡ್ ಬನ್ನಿ” ಅಂದಳು. ಜೊತೆಗೆ ಬಂದಿದ್ದ ಗಂಡಸರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕಕ್ಕಾಬಿಕ್ಕಿ. ಅತ್ತೆಯೊಬ್ಬರೇ ಗೊಳ್ಳನೆ ನಕ್ಕರು. ಅವರು ಈಗಲೂ ಹೇಳುತ್ತಾರೆ, ನಾನು ಮಗಳ ಬಾಯಿ ನೋಡಿ ಹಿಂದೇಟು ಹಾಕ್ದೆ, ಬೀಗಿತ್ತಿ ಬಾಯಿ ನೋಡಿ ಒಪ್ಕೊಂಡೆ ಅಂತ.

ಮದುವೆಯಾದ ಹೊಸದರಲ್ಲಿ ಗಂಡ ಬೇಲೂರಿಗೆ ಕರೆದುಕೊಂಡು ಹೋದರು. ಗುಡಿ ಎದುರು ಫೋಟೋ ತೆಗೆಯುವವನು “ವಸಿ ನಗ್ರೀ ಮೇಡಂ, ನಗ್ರೀ” ಅಂತ ಒಂದೇ ಸಮ ಪೀಡಿಸಿದ. ನಾನು ತುಟಿ ಬಿಚ್ಚದೆ, ಹಿಂದಿನ ಗೋಡೆಯ ಮೇಲಿದ್ದ ಕಲ್ಲಿನ ಹೆಂಗಸರಂತೆ ನಕ್ಕೆ. ಆ ಫೋಟೋ ನಮ್ಮ ಹಜಾರದಲ್ಲಿ ಈಗಲೂ ಇದೆ. ನೋಡಿದವರು, ಎಷ್ಟು ಗಂಭೀರವಾದ ಹೆಣ್ಣುಮಗಳು ಅನ್ನುತ್ತಾರೆ. ಮನೆಯವರಿಗೆ ಅದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ.

ಅವ್ವ ಮೊದಲ ಸಲ ನಮ್ಮ ಮನೆಗೆ ಬಂದು ಉಳಿದಾಗ ನಡೆದದ್ದನ್ನು ಹೇಳಲೇಬೇಕು. ನಮ್ಮಲ್ಲಿ ಗುಡ್ಡದ ಮೇಲಿನ ಒರತೆಯಿಂದ ಪೈಪು ಎಳೆದಿದ್ದಾರೆ. ಮೋಟರಿಲ್ಲ, ಕರೆಂಟಿಲ್ಲ, ನೀರು ತಾನಾಗಿ ಬಂದು ಬಚ್ಚಲ ಮುಂದಿನ ತೊಟ್ಟಿಗೆ ಬೀಳುತ್ತದೆ, ತುಂಬಿ ಹರಿದು ಗದ್ದೆಗೆ ಹೋಗುತ್ತದೆ. ಬೆಳಗ್ಗೆ ನಾನೆದ್ದು ನೋಡಿದರೆ ಅವ್ವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಅಂಗೈಯಿಂದ ಒತ್ತಿ ಹಿಡಿದು ನಿಂತಿದ್ದಾಳೆ. ಸೀರೆಯೆಲ್ಲ ಒದ್ದೆ. “ಏನವ್ವಾ ಮಾಡ್ತಿದೀಯ?” ಅಂದರೆ ನನಗೇ ಬೈಗುಳ. “ಏನು ಮಾಡ್ತಿದೀಯಾನಾ? ಬೆಳಕು ಹರಿಯಕ್ಕೆ ಮುಂಚೆಯಿಂದ ನೀರು ದಂಡವಾಗ್ ಹೋಗ್ತಾ ಐತೆ, ಈ ಮನೇಲಿ ಒಬ್ರಿಗಾದ್ರೂ ಕಣ್ಣೈತಾ?” ಅತ್ತೆ ಬಂದು, ಅದು ಹಾಗೇ ಹೋಗಬೇಕಾದ ನೀರು ಅಂತ ಬಿಡಿಸಿ ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಇದ್ದಷ್ಟು ದಿನವೂ ದಾರಿಯಲ್ಲಿ ಹೋಗುತ್ತ ಬರುತ್ತ ಆ ತೊಟ್ಟಿಯಿಂದ ಒಂದು ಚೊಂಬು ತೆಗೆದು ಯಾವುದಾದರೂ ಗಿಡಕ್ಕೆ ಹಾಕುತ್ತಿದ್ದಳು. ಹೊರಡುವ ದಿನ ಒಂದು ಲೋಟ ಕುಡಿದು, “ಎಳನೀರ್ ಕುಡದಂಗೈತೆ ಕಣೇ” ಅಂದಳು.

ಅವ್ವನನ್ನು ರೇಗಿಸಿದಷ್ಟೇ ನಾನು ಅತ್ತೆಯನ್ನೂ ರೇಗಿಸುತ್ತೇನೆ. ನಿಮ್ಮ ಬೇಲೂರಿಗೆ ದೇವರಿದ್ದಾನೆ, ನಮ್ಮ ಅರಸೀಕೆರೆಗೆ ರೈಲಿದೆ ಅಂತ. ಸುಳ್ಳೇನಲ್ಲ. ನನ್ನ ತಮ್ಮ ಇರುವ ತವರೂರಿಂದ ಮಕ್ಕಳು ಬಸ್ಸಿನಲ್ಲಿ ಹೋಗಿ ಪಟ್ಟಣದ ಶಾಲೆಯಲ್ಲಿ ಓದುತ್ತಾರೆ. ನಮ್ಮ ಕಡೆ ಆನೆ ಬಂದಿದೆ ಅಂದರೆ ಶಾಲೆಗೂ ರಜ, ಅಂಗನವಾಡಿಗೂ ರಜ. ನಾನು ಅಂಗನವಾಡಿ ಟೀಚರು. ತೋಟದ ಲೈನುಮನೆಗಳಿಂದ ಬರುವ ಕೂಲಿಯವರ ಮಕ್ಕಳನ್ನು ತೂಕ ಹಾಕುತ್ತೇನೆ. ಆ ತಾಯಂದಿರು ನಕ್ಕರೆ ಹಲ್ಲು ಮಲ್ಲಿಗೆ. ಆದರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ರಕ್ತದ ಸುಳಿವಿಲ್ಲ, ಬರೀ ಬಿಳುಪು. ಸುತ್ತ ಹಸಿರು, ಕಾಲ ಕೆಳಗೆ ನೀರು, ಮೈಯಲ್ಲಿ ಮಾತ್ರ ರಕ್ತವಿಲ್ಲ. ಆದ್ದರಿಂದ ನೀರಿರುವ ಸೀಮೆಯೆಲ್ಲ ಸ್ವರ್ಗ ಅಂತ ಯಾರಾದರೂ ಅಂದರೆ ನನಗೆ ಮೈಯುರಿಯುತ್ತದೆ.

ಒಮ್ಮೆ ಬೇಲೂರಿನಲ್ಲಿ ಮೀಟಿಂಗು. ಹೊರಗಿನಿಂದ ಬಂದ ಒಬ್ಬರು ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ಬಿಟ್ಟು, ತಾಲ್ಲೂಕುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಯಾವುದು ಮುಂದಿದೆ ಯಾವುದು ಹಿಂದುಳಿದಿದೆ ಅಂತ ಕೋಲು ಹಿಡಿದು ತೋರಿಸುತ್ತಿದ್ದರು. ಕೋಲು ನಮ್ಮ ತವರಿನ ಮೇಲೆ ಹೋಗಿ ನಿಂತಿತು. ಪಕ್ಕದಲ್ಲಿದ್ದ ಗೆಂಡೆಹಳ್ಳಿಯ ಟೀಚರು ನನ್ನ ತೊಡೆ ಚಿವುಟಿ, ನಿಮ್ಮೂರು ಕಣೇ, ನಿಮ್ಮೂರು ಅಂದಳು. ನನಗೆಲ್ಲಿತ್ತೋ ಸಿಟ್ಟು, ಎದ್ದು ನಿಂತೆ. “ಸಾರ್, ಹಿಂದೆ ಉಳೀತು ಅಂತ ಬರ್ದಿದೀರಲ್ಲ, ಅದನ್ನ ಬಿಟ್ಟು ಮುಂದೆ ಹೋದವರು ಯಾರು ಅಂತಾನೂ ಪಕ್ಕದಲ್ಲಿ ಬರೀರಿ” ಅಂದೆ. ಅವರು ಒಳ್ಳೆಯವರು, ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಕು, “ಕಾಫಿ ಕುಡ್ಕೊಂಡು ಬರೋಣ ಟೀಚರ್” ಅಂದರು.

ಅದಾದ ಕೆಲವೇ ದಿನಕ್ಕೆ ತವರಿಂದ ಫೋನು ಬಂತು. ತಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಆಗ ಏಳು ವರ್ಷ, ಚಿಕ್ಕದು ಇನ್ನೂ ಅಂಬೆಗಾಲಿನ ಕೂಸು. ತಮ್ಮನ ಹೆಂಡತಿ ತೀರ ಮಿತಭಾಷಿ. ಫೋನಿನಲ್ಲಿ ಊಟ ಆಯ್ತಾ ಅಕ್ಕ ಅನ್ನುವುದು ಬಿಟ್ಟರೆ ಹೆಚ್ಚು ಆಡಿದವಳಲ್ಲ. ಅವತ್ತು ಅವಳೇ, “ಅಕ್ಕಾ, ದೊಡ್ಡದಕ್ಕೆ ಎರಡ್ನೇ ಹಲ್ಲು ಬಂದೈತೆ. ನಿಮ್ ಹಲ್ಲೇ ಬಂದೈತೆ ಕಣಕ್ಕ” ಅಂದಳು. ಅವಳು ಕೊಂಕಾಡಿದ್ದಲ್ಲ, ದನಿ ನಡುಗುತ್ತಿತ್ತು.

ಆ ಹಲ್ಲು ಅವಳಿಗೆ ಬರಬಾರದಾಗಿತ್ತು. ದೊಡ್ಡವಳು ಹುಟ್ಟಿದ ವರ್ಷವೇ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು. ನಾಣ್ಯ ಹಾಕಿದರೆ ಕ್ಯಾನು ತುಂಬುವ ಮಷೀನು. ತಮ್ಮ ಒಂದು ದಿನ ತಪ್ಪಿಸದೆ ಬೈಕಿನ ಮೇಲೆ ಕ್ಯಾನು ಹೊತ್ತು ತಂದಿದ್ದಾನೆ. ಮಗು ಹುಟ್ಟಿದಾಗಿನಿಂದ ಬೋರಿನ ನೀರನ್ನು ಒಂದು ಗುಟುಕು ಕುಡಿದದ್ದಿಲ್ಲ. ಆದರೂ ಹಲ್ಲು ಕಂದು. “ನಮ್ ವಂಶದ್ ಹಲ್ಲೇ ಅಂಗೆ, ನೀರೂ ಇಲ್ಲ ಗೀರೂ ಇಲ್ಲ” ಅಂತ ಅವ್ವ ಕೈ ತೊಳೆದುಕೊಂಡಳು. ವಂಶದ್ದೇ ಆಗಿದ್ದರೆ ಊರಿಗೆಲ್ಲ ಒಂದೇ ವಂಶವೇ ಅಂತ ನಾನು ಕೇಳಿದ್ದಕ್ಕೆ ಫೋನು ತಮ್ಮನ ಕೈಗೆ ಕೊಟ್ಟುಬಿಟ್ಟಳು.

ಆ ವಾರವೇ ನನಗೂ ದವಡೆ ಹಲ್ಲು ನೋಯುತ್ತಿತ್ತು. ಬೇಲೂರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದವಳು ನನ್ನದನ್ನು ತೋರಿಸಿ, ಜೊತೆಗೆ ಮೊಬೈಲಿನಲ್ಲಿದ್ದ ಮಗುವಿನ ಫೋಟೋವನ್ನೂ ತೋರಿಸಿದೆ. ಚಿಕ್ಕ ವಯಸ್ಸಿನ ಹೆಂಗಸು, ಸಾವಧಾನವಾಗಿ ಕೇಳಿದರು.

“ಏನು ನೀರು ಕುಡಿಯುತ್ತೆ ಮಗು?”

“ಕ್ಯಾನ್ ನೀರೇ ಮೇಡಂ. ಹುಟ್ಟಿದಾಗಿಂದ.”

“ಅಡುಗೆಗೆ?”

“ಬೋರಿನ ನೀರೇ ಮೇಡಂ. ಎರಡು ಹೊತ್ತೂ ಮುದ್ದೆ ಆ ಮನೇಲಿ” ಅಂದೆ. ಅಡುಗೆಗೆ ಕ್ಯಾನ್ ನೀರು ಯಾರಾದರೂ ಹಾಕುತ್ತಾರೆಯೇ? ಕ್ಯಾನ್ ನೀರು ಕುಡಿಯುವುದಕ್ಕೆ, ಬಂದವರಿಗೆ ಲೋಟದಲ್ಲಿ ಕೊಡುವುದಕ್ಕೆ. ಮುದ್ದೆಯ ಎಸರಿಗೆ, ಸಾರಿಗೆ, ಅನ್ನಕ್ಕೆ, ಕಾಫಿಗೆ, ಕೂಸಿನ ರಾಗಿ ಸರಿಗೆ ಎಲ್ಲದಕ್ಕೂ ಬೋರಿನ ನೀರೇ. ಹೇಗಿದ್ದರೂ ಕುದಿಯುತ್ತದಲ್ಲ! ಕುದಿಸಿ ಕುಡಿಯಿರಿ, ಕುದಿಸಿದರೆ ರೋಗವಿಲ್ಲ ಅಂತ ಎಲ್ಲರೂ ಹೇಳಿಕೊಂಡು ಬಂದದ್ದು ಅದನ್ನೇ ತಾನೆ? ಊರಿನ ಒಂದೊಂದು ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ಕುಡಿಯುವ ನೀರನ್ನು ದೇವರ ತೀರ್ಥದ ಹಾಗೆ ಬೇರೆ ಇಟ್ಟು, ಊಟಕ್ಕೆ ಹಳೆಯದನ್ನೇ ಸುರಿಯುತ್ತಿದ್ದರು.

ಡಾಕ್ಟರು ತಲೆಯಾಡಿಸಿದರು. “ಇದು ಹುಳ ಅಲ್ಲ, ಕುದಿಸಿದರೆ ಸಾಯೋಕೆ. ನೀರು ಕಮ್ಮಿಯಾಗುತ್ತೆ, ಅದರಲ್ಲಿರೋ ಹಲ್ಲು ಕೆಡಿಸೋ ಫ್ಲೋರೈಡು ಹಾಗೇ ಉಳಿಯುತ್ತೆ. ದಿನಕ್ಕೆ ಎರಡು ಹೊತ್ತು ಮುದ್ದೆ ತಿನ್ನೋ ಮನೆ ಅಂದ್ರಲ್ಲ, ಮುದ್ದೇಲಿ ಎಷ್ಟು ನೀರಿರುತ್ತೆ ಯೋಚನೆ ಮಾಡಿ.” ಆಮೇಲೆ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಬಹಳ ದಿನ ಇತ್ತು. “ದೊಡ್ಡ ಮಗುವಿನ ಮುಂದಿನ ಹಲ್ಲಿಗೆ ಈಗ ಏನೂ ಮಾಡೋಕಾಗಲ್ಲ. ಚಿಕ್ಕದಕ್ಕೆ ಇನ್ನೂ ಟೈಮಿದೆ. ಎರಡನೇ ಹಲ್ಲು ಹೊರಗೆ ಕಾಣೋದು ಆರೇಳು ವರ್ಷಕ್ಕೆ, ಆದರೆ ವಸಡಿನ ಒಳಗೆ ಈಗಲೇ ತಯಾರಾಗ್ತಾ ಇರುತ್ತೆ. ಈಗಲೇ ನೀರು ಬದಲಾಯಿಸಿ.”

ಈಗ ಸಮಸ್ಯೆ ನೀರಿನದ್ದಲ್ಲ, ಅವ್ವನದು. ಆ ಮನೆಯ ಒಲೆ ಅವಳದು. ಅವಳಿಗೆ ಕುತ್ತಿಗೆ ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನು ತಿರುಗಿಸಿ ನೋಡುತ್ತಾಳೆ. ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು. ಅದೂ ಆ ನೀರಿನದೇ ಇರಬಹುದು ಅಂದಿದ್ದರು ಡಾಕ್ಟರು. ಅಂಥ ಮೈ ಇಟ್ಟುಕೊಂಡೂ ಮುದ್ದೆ ತೊಳಸುವ ಕೋಲನ್ನು ಸೊಸೆಗೆ ಕೊಟ್ಟವಳಲ್ಲ. ಹಾಗಂತ ಸೊಸೆಯನ್ನು ಕಂಡರೆ ಆಗದು ಅಂತಲ್ಲ. ಮುದ್ದೆ ಮಾತ್ರ ತನ್ನ ಕೈಯದೇ ಆಗಬೇಕು. ನಮ್ಮವ್ವನ ಮುದ್ದೆಯನ್ನು ಬಣ್ಣಿಸಲು ಹೊರಟರೆ ನನಗೆ ಈಗಲೂ ಹಸಿವಾಗುತ್ತದೆ. ಗಂಟಿಲ್ಲ, ಬಿರುಕಿಲ್ಲ, ತಟ್ಟೆಗೆ ಹಾಕಿದರೆ ಥಳಥಳ ಹೊಳೆಯಬೇಕು. ಹುರುಳಿಕಾಳಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ಗಂಟಲಲ್ಲಿ ತಾನಾಗಿ ಇಳಿಯಬೇಕು.

“ಮಷೀನ್ ನೀರಲ್ಲಿ ಮುದ್ದೆ ಆಯ್ತದೇನೇ? ಸತ್ ನೀರು ಅದು. ಜೀವಾನೆಲ್ಲ ಹಿಂಡಿ ಬಿಟ್ಟಿರ್ತಾರೆ. ಮುದ್ದೆ ಸಪ್ಪಗೆ ಸಗಣಿ ಇದ್ದಂಗಿರ್ತದೆ” ಅಂದಳು ಅವ್ವ. ಇದೇ ಅವಳ ಕೊನೆಯ ಮಾತು. ತಮ್ಮ ಹೇಳಿದ, ನಾನು ಹೇಳಿದೆ, ಕೇಳಲಿಲ್ಲ.

ಮಷೀನಿನ ನೀರಾದರೆ ತಾನೆ ನಿನಗೆ ಸತ್ತ ನೀರು ಅಂತ ನಾನೊಂದು ಉಪಾಯ ಹೂಡಿದೆ. ನಮ್ಮ ಒರತೆಯ ನೀರನ್ನು ಎರಡು ಕ್ಯಾನಿಗೆ ತುಂಬಿಕೊಂಡು ತವರಿಗೆ ಹೊರಟೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಬಸ್ಸಿನಲ್ಲಿ ಕಂಡಕ್ಟರು ಕ್ಯಾನು ಅಲ್ಲಾಡಿಸಿ, “ಏನಿದು, ಜೇನುತುಪ್ಪಾನಾ? ಎಣ್ಣೆನಾ?” ಅಂದ. ನೀರು ಅಂದೆ. “ನೀರಾ! ನೀರಿಗೆ ಲಗೇಜ್ ಹಾಕ್ಲಾ ಬೇಡ್ವಾ, ನೀವೇ ಹೇಳಿ” ಅಂತ ಬಸ್ಸಿಗೆಲ್ಲ ಕೇಳಿಸುವ ಹಾಗೆ ಪಂಚಾಯ್ತಿಗಿಟ್ಟ. ಹಳೇಬೀಡಿನಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಟೀ ಅಂಗಡಿಯವನು, “ಅಲ್ಲಾ ಕಣಮ್ಮ, ಇಷ್ಟ್ ದೊಡ್ಡ ಕೆರೆ ತುಂಬ್ಕೊಂಡ್ ಕೂತೈತೆ, ನಮ್ಮೂರಿಗೇ ನೀರ್ ಹೊತ್ಕೊಂಡ್ ಬಂದಿದೀಯಲ್ಲ” ಅಂದ. ನಿಮ್ಮೂರಿಗಲ್ಲಪ್ಪ, ನಮ್ಮೂರಿಗೆ ಅಂದೆ. ಯಾವೂರು ಅಂದ. ಹೇಳಿದೆ. ಆಮೇಲೆ ಅವನು ನಗಲಿಲ್ಲ. ಬಸ್ಸು ಬಂದಾಗ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಎರಡೂ ಕ್ಯಾನನ್ನು ತಾನೇ ಎತ್ತಿ ಒಳಗಿಟ್ಟ.

ಕ್ಯಾನು ನೋಡಿ ಅವ್ವನ ಮುಖ ಅರಳಿತು. ತನಗೆ ಮೆಚ್ಚಿಕೆಯಾದ ನೀರಲ್ಲವೇ. ಆ ಸಂಜೆ ಅದರಲ್ಲೇ ಎಸರಿಟ್ಟು ಮುದ್ದೆ ಕಟ್ಟಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತ ಕೂತೆವು. ಒಂದು ತುತ್ತು ನುಂಗಿ, ಇನ್ನೊಂದು ನುಂಗಿ, “ಚೆನ್ನಾಗೈತೆ. ಏನೇನೂ ದೋಸ ಇಲ್ಲ” ಅಂದಳು. ನಾನು ಗೆದ್ದೆ ಅಂದುಕೊಂಡು ತಮ್ಮನ ಕಡೆ ಕಣ್ಣು ಮಿಟುಕಿಸಿದೆ. ಅವ್ವ ಕೈ ತೊಳೆಯುತ್ತ, “ದಿನಾ ತಂದ್ಕೊಡ್ತೀಯೇನೇ?” ಅಂದಳು. ಅಲ್ಲಿಗೆ ಮುಗಿಯಿತು ನನ್ನ ಉಪಾಯ. ಕ್ಯಾನು ಖಾಲಿಯಾದ ಮೇಲೆ ಮತ್ತೆ ಬೋರಿನ ನೀರು.

ಗೆದ್ದದ್ದು ನಾನಲ್ಲ, ತಮ್ಮನ ಹೆಂಡತಿ. ಒಂದು ಮಧ್ಯಾಹ್ನ ಅವ್ವ ಜಗಲಿಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಮೆತ್ತಗಿನ ಮುದ್ದೆಯನ್ನು ಸಾರಿನಲ್ಲಿ ಕಲಸಿ ತುಪ್ಪ ಬಿಟ್ಟು ಉಣಿಸುತ್ತಿದ್ದಳಂತೆ. ಸೊಸೆ ಒಳಗಿಂದ ಬಂದವಳು ಕೂಸನ್ನು ಎತ್ತಿಕೊಂಡು, ಅದರ ಬಾಯಲ್ಲಿದ್ದ ತುತ್ತನ್ನು ಬೆರಳು ಹಾಕಿ ತೆಗೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಅತ್ತೆಯ ಕೈತುತ್ತನ್ನು ಸೊಸೆ ತೆಗೆದು ಬಿಸಾಡುವುದು ಅಂದರೆ ನಮ್ಮ ಕಡೆ ಸಾಮಾನ್ಯವೇ? ಅಕ್ಕಪಕ್ಕದವರು ನೋಡಿದ್ದಾರೆ. ಅವ್ವ ನನಗೆ ಫೋನು ಮಾಡಿ ಬಿಕ್ಕಿ ಬಿಕ್ಕಿ ಅತ್ತಳು.

“ನಾನೇನು ಮಗೀಗೆ ವಿಸ ಹಾಕ್ತಿದ್ನೇನೇ? ಹೇಳು, ವಿಸ ಹಾಕ್ತಿದ್ನಾ?”

ಆ ಕೈಯಲ್ಲಿ ಉಂಡು ಬೆಳೆದ ಬಾಯಲ್ಲಿ ನಾನು ಏನು ಹೇಳಲಿ? ಆದರೂ ಗಟ್ಟಿ ಮನಸ್ಸು ಮಾಡಿ, “ಅವ್ವಾ, ಅವಳು ಹೆತ್ತವಳು. ಇದೊಂದ್ರಲ್ಲಿ ಅವಳ್ ಮಾತು ನಡೀಲಿ ಬುಡು” ಅಂದೆ. ಫೋನು ಕಟ್ ಆಯಿತು. ಆಮೇಲೆ ಬಹಳ ದಿನ ನನ್ನ ಜೊತೆ ಮಾತಿಲ್ಲ, ಸೊಸೆಯ ಜೊತೆ ಮೊದಲೇ ಇಲ್ಲ. ಮನೆಯಲ್ಲಿ ಅವಳು ಮಾತಾಡುತ್ತಿದ್ದದ್ದು ಕೂಸಿನ ಜೊತೆ, ಹಸುವಿನ ಜೊತೆ, ಇಬ್ಬರ ಜೊತೆ ಮಾತ್ರ ಅಂತ ತಮ್ಮ ಗೋಳಾಡುತ್ತಿದ್ದ.

ಒಂದು ದಿನ ಅವನೇ ನಗುತ್ತ ಫೋನು ಮಾಡಿದ. ಅವ್ವ ಅಟ್ಟದಿಂದ ಒಂದು ಸಣ್ಣ ಪಾತ್ರೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಒಲೆಯ ಮೇಲಿಟ್ಟು ಸಾರಿದ್ದಾಳೆ: “ಇದು ಮಕ್ಕಳ್ ಪಾತ್ರೆ. ಇದ್ಕೆ ಯಾರಾದ್ರೂ ಬೋರಿನ್ ನೀರ್ ಹಾಕಿದ್ದು ಕಂಡ್ರೆ ಕೈ ಮುರೀತೀನಿ.” ಹೇಳಿದ ಠೀವಿ ನೋಡಬೇಕಿತ್ತು ಕಣಕ್ಕಾ, ಮೊದಲಿನಿಂದ ಅವಳು ಹೇಳ್ತಾ ಬಂದಿದ್ಳು, ನಾವೇ ಕೇಳಿರಲಿಲ್ಲ ಅನ್ನೋ ಹಾಗಿತ್ತು ಅಂದ. ದೊಡ್ಡ ಮಗುವಿಗೂ ಹಿಂದಿನ ಹಲ್ಲುಗಳಾದರೂ ಉಳಿಯಲಿ ಅಂತ ಅದೇ ಪಾತ್ರೆಯಿಂದ ಬಡಿಸತೊಡಗಿದರು. ಬರಬರುತ್ತ ಸಾರಿಗೂ ಅನ್ನಕ್ಕೂ ಕ್ಯಾನಿನ ನೀರೇ ಆಯಿತು. ತನ್ನ ಒಂದು ಮುದ್ದೆಯನ್ನು ಮಾತ್ರ ಅವ್ವ ಬೋರಿನ ನೀರಿನಲ್ಲೇ ಬೇರೆ ಕಟ್ಟಿಕೊಳ್ಳುತ್ತಿದ್ದಳು. ನನ್ನ ಹಲ್ಲು ಬಿದ್ದಾಯ್ತು, ಮೂಳೆ ಕಟ್ಕೊಂಡಾಯ್ತು, ನಂಗ್ಯಾಕೆ ಸತ್ ನೀರು ಅನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಊರಿನ ಘಟಕದ ಮೋಟರು ಸುಟ್ಟುಹೋಯಿತು. ಇವತ್ತು ರಿಪೇರಿ, ನಾಳೆ ರಿಪೇರಿ ಅಂತ ವಾರಗಳು ಕಳೆದವು. ತಮ್ಮ ಕೊಬ್ಬರಿ ಮಾರಲು ಅರಸೀಕೆರೆಗೆ ಹೋದ ದಿನ ಮನೆಯಲ್ಲಿ ಕ್ಯಾನು ಬರಿದು. ಅವ್ವ ಯಾರಿಗೂ ಹೇಳದೆ ದಾರಿಯಲ್ಲಿ ಹೋಗುತ್ತಿದ್ದ ಗೂಡ್ಸ್ ಆಟೋ ಅಡ್ಡಗಟ್ಟಿ, ಹಿಂದೆ ಎಳನೀರಿನ ಗೊನೆಗಳ ನಡುವೆ ಕೂತು, ಪಕ್ಕದೂರಿನ ಘಟಕಕ್ಕೆ ಹೋಗಿದ್ದಾಳೆ! ಕುತ್ತಿಗೆ ತಿರುಗದ ಮುದುಕಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತದ್ದು ಕಂಡು ಹೆಂಗಸರು, “ನೀವ್ಯಾಕ್ ಬರಕ್ ಹೋದ್ರಿ ಅಜ್ಜಿ, ಮುದ್ದೆಗೆ ಬೋರ್ ನೀರಾಯ್ತದಲ್ಲ, ಕುಡಿಯಕ್ ಒಂದ್ ಚೊಂಬು ನಾವ್ ಕೊಡ್ತಿದ್ವಿ” ಅಂದಿದ್ದಾರೆ. ಶುರುವಾಯಿತು ನೋಡಿ ಅವ್ವನ ಭಾಷಣ. “ಯಾರೇ ಹೇಳಿದ್ದು ನಿಮ್ಗೆ ಮುದ್ದೆಗೆ ಬೋರ್ ನೀರು ಅಂತ? ಕುದಿಸಿದ್ರೆ ಹೋಯ್ತದಾ ಅದು? ಎಸರಿಗೂ ಇದ್ನೇ ಹಾಕ್ರೇ, ಮಕ್ಕಳ್ ಬಾಯಿ ಹಾಳ್ ಮಾಡ್ಬೇಡ್ರಿ!” ಆ ಊರಿನ ಅಂಗನವಾಡಿ ಟೀಚರು ಮುಂದೊಂದು ದಿನ ನನಗೆ ಸಿಕ್ಕಿದಾಗ, ನಿಮ್ಮ ತಾಯಿ ನಮ್ಮ ಕೆಲಸ ಮಾಡಿಕೊಟ್ಟು ಹೋದರು ಕಣ್ರೀ ಅಂದಳು. ನನಗೆ ಹೆಮ್ಮೆಯೋ ಹೆಮ್ಮೆ. ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಹೀಗೇ ವರ್ಷಗಳು ಹೋದವು. ಚಿಕ್ಕವಳಿಗೆ ಹಾಲುಹಲ್ಲು ಅಲ್ಲಾಡತೊಡಗಿತು, ಬಿತ್ತು. ಮನೆಯಲ್ಲಿ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ. ಕಳೆದ ಸಲ ಗೌರಿ ಹಬ್ಬಕ್ಕೆ ಕರೆಯಲು ತಮ್ಮನ ಹೆಂಡತಿ ಫೋನು ಮಾಡಿದವಳು ಕೊನೆಯಲ್ಲಿ, “ಅಕ್ಕಾ, ಚಿಕ್ಕದಕ್ಕೆ ಎರಡ್ನೇ ಹಲ್ಲು ಒಡೀತಾ ಐತೆ. ನಂಗೆ ನೋಡಕ್ ಧೈರ್ಯ ಇಲ್ಲ. ನೀವೇ ಬಂದ್ ನೋಡ್ರಿ” ಅಂದಳು. ಹಬ್ಬಕ್ಕೆ ಇನ್ನೂ ದಿನವಿತ್ತು. ಮಾರನೇ ದಿನವೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಕೂಸಿಗೆ ಒಳ್ಳೆಯದಾಗಿರಲಪ್ಪ ಅಂತ ಕಂಡ ಗುಡಿಗೆಲ್ಲ ಕೈಮುಗಿದೆ.

ಹೋದವಳು ಕಾಲು ತೊಳೆಯುವುದನ್ನೂ ಮರೆತು, ಅವಳನ್ನು ಜಗಲಿಯ ಬೆಳಕಿಗೆ ಎಳೆದು, ಬಾಯಿ ತೆಗಿ ಅಂದೆ. ಅವಳು ಆ ಅಂದಳು. ಕೆಳಗೆ ಎರಡು, ಮೇಲೆ ಅರ್ಧ ಇಳಿದದ್ದು ಒಂದು. ಬೆರಳಿನಿಂದ ಒರೆಸಿ ನೋಡಿದೆ. ಆಗ ತಾನೆ ಒಡೆದ ತೆಂಗಿನಕಾಯಿಯ ಒಳಗಿನಂಥ ಬಿಳಿ. ಎಲ್ಲೂ ಒಂದು ಗೆರೆಯಿಲ್ಲ. “ಬೆಳ್ಳಗೈತೆ ಕಣೇ!” ಅಂತ ನಾನು ಕಿರುಚಿದ್ದಕ್ಕೆ ಕೊಟ್ಟಿಗೆಯಲ್ಲಿದ್ದ ತಮ್ಮ ಏನಾಯಿತೋ ಅಂತ ಓಡಿಬಂದ. ಅವನ ಹೆಂಡತಿ ಕಂಬ ಹಿಡಿದುಕೊಂಡು ಅಳತೊಡಗಿದಳು. ಅವ್ವ ಇಡೀ ಮೈ ತಿರುಗಿಸಿ, ಮೊಮ್ಮಗಳ ಗಲ್ಲ ಹಿಡಿದು, ಬೆಳಕಿಗೆ ಎತ್ತಿ ನೋಡಿದಳು. ದೃಷ್ಟಿಯಾದೀತು ಅಂತ ನಮ್ಮನ್ನೆಲ್ಲ ಗದರಿ, ಒಳಗಿಂದ ಉಪ್ಪು ಮೆಣಸಿನಕಾಯಿ ತರಿಸಿ ನಿವಾಳಿಸಿದಳು.

ದೊಡ್ಡವಳು ಈಗ ಹೈಸ್ಕೂಲು. ಅವಳೂ ಬಗ್ಗಿ ತಂಗಿಯ ಬಾಯೊಳಗೆ ಇಣುಕಿದಳು. “ಸೂಪರಾಗಿದೆ ಅಲ್ವಾ ಅತ್ತೆ?” ಅಂದಳು. ಹೊಟ್ಟೆಕಿಚ್ಚಿನ ಲವಲೇಶವಿಲ್ಲ ಆ ದನಿಯಲ್ಲಿ. ತಂಗಿಯ ಕೆನ್ನೆ ಹಿಂಡಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಟ್ಯೂಷನ್ನಿಗೆ ಹೊತ್ತಾಯಿತು ಅಂತ ಹೊರಟಳು. ಅವಳು ಬೀದಿಯ ತಿರುವು ದಾಟುವವರೆಗೂ ಅವ್ವ ಆ ಕಡೆಯೇ ನೋಡುತ್ತ ಕೂತಳು. ಒಬ್ಬೊಬ್ಬರೇ ತಮ್ಮ ತಮ್ಮ ಕೆಲಸಕ್ಕೆ ಎದ್ದರು. ಜಗಲಿಯಲ್ಲಿ ನಾವಿಬ್ಬರೇ ಉಳಿದೆವು.

“ದೊಡ್ಡದಕ್ಕೆ ನಾನೇ ಮಾಡ್ದೆ” ಅಂದಳು ಅವ್ವ. “ನೀರು ಮನೇಲೇ ಇತ್ತು. ನಾನ್ ಎಸರಿಗೆ ಹಾಕ್ಲಿಲ್ಲ.”

“ನಿಂಗೆ ಯಾರಾದ್ರೂ ಹೇಳಿದ್ರೇನವ್ವಾ?” ಅಂದೆ. “ಮಷೀನ್ ಇಟ್ಟೋರು ಹಾರ ಹಾಕ್ಕೊಂಡು, ಟೇಪ್ ಕತ್ತರಿಸಿ ಹೋದ್ರು. ಮುದ್ದೆಗೂ ಇದ್ನೇ ಹಾಕಿ ಅಂತ ಒಬ್ರಾದ್ರೂ ಬಾಯಿ ಬಿಟ್ರಾ? ನಂಗೇ ಗೊತ್ತಿರಲಿಲ್ಲ.”

ಅವಳು ನನ್ನ ಬಾಯಿಯನ್ನೇ ನೋಡುತ್ತ, “ನಿಂಗೆ?” ಅಂದಳು.

“ನಂಗೇನು?”

“ನಿಂದೂ ನನ್ ಕೈ ಮುದ್ದೇನೇ ಅಲ್ವಾ?”

ಅವಳ ಕೈ ಹಿಡಿದುಕೊಂಡೆ. “ಥೂ, ಎಂಥಾ ಮಾತಾಡ್ತೀಯವ್ವಾ. ಆಗ ಮಷೀನೂ ಇರಲಿಲ್ಲ, ಏನೂ ಇರಲಿಲ್ಲ. ಇದ್ದಿದ್ದೇ ಅದೊಂದು ನೀರು. ಅದು ಬಿಟ್ರೆ ಒಳ್ಳೇ ನೀರು ಎಲ್ಲಿತ್ತು, ನೀನ್ ಹಾಕಕ್ಕೆ?”

“ಇತ್ತಲ್ಲೇ” ಅಂದಳು ಅವ್ವ. “ನಿಮ್ಮೂರ್ ತೊಟ್ಟೀಲಿ ದಂಡವಾಗ್ ಹರ್ದು ಹೋಗ್ತಿತ್ತಲ್ಲ.”